ಓದುಗರ ಪ್ರಶ್ನೆ, ನಮ್ಮ ಉತ್ತರ: ಪರ್ಷಿಯದ ಅರಸರ ಚಿತ್ರಪುಸ್ತಕಗಳು

ಪ್ರಶ್ನೆ: ಪರ್ಷಿಯದ ಕಿರುಚಿತ್ರಗಳಲ್ಲಿ ಎಲ್ಲಿಯೂ ನೆರಳು ಕಾಣುವುದಿಲ್ಲ, ದೂರದಲ್ಲಿರುವವನೂ ಹತ್ತಿರದಲ್ಲಿರುವವನೂ ಒಂದೇ ಅಳತೆಯಲ್ಲಿರುತ್ತಾರೆ, ರಾತ್ರಿಯ ದೃಶ್ಯವೂ ಹಗಲಿನಂತೆ ಬೆಳಗುತ್ತಿರುತ್ತದೆ. ದೂರ ಸಮೀಪಗಳನ್ನು ತೋರಿಸುವ ವಿದ್ಯೆ ಆ ಚಿತ್ರಕಾರರಿಗೆ ತಿಳಿದಿರಲಿಲ್ಲವೇ?

ಉತ್ತರ: ಅವರ ಕೆಲಸಕ್ಕೆ ಅದು ಬೇಕಾಗಿರಲಿಲ್ಲ ಎಂದೇ ನಾನು ತಿಳಿಯುತ್ತೇನೆ. ಈ ಚಿತ್ರಗಳನ್ನು ಬರೆದದ್ದು ಪುಸ್ತಕದ ಪುಟಕ್ಕೆ. ಅವನ್ನು ನೋಡುತ್ತಿದ್ದವನು ಪುಸ್ತಕವನ್ನು ತನ್ನ ಮುಂದೆ ತೆರೆದಿಟ್ಟುಕೊಂಡು, ಕಾವ್ಯದ ಸಾಲುಗಳನ್ನು ಓದುತ್ತ, ಒಂದು ಗೇಣಿನ ದೂರದಿಂದ ಎಲೆ ಎಲೆಯನ್ನೂ ಗಮನಿಸುತ್ತಿದ್ದನು. ಹಾಗೆ ನೋಡುವವನಿಗೆ ದೂರದ ಬೆಟ್ಟ ಮಸುಕಾದರೆ, ಕತ್ತಲಲ್ಲಿ ಮುಖ ಮರೆಯಾದರೆ ಕಥೆಯೇ ಕಡಿಮೆಯಾಗುತ್ತದೆ. ಆದ್ದರಿಂದ ಆಕಾಶದಲ್ಲೊಂದು ಚಂದ್ರ, ಕೆಳಗೆ ಉರಿಯುವ ಒಂದೆರಡು ಮೇಣದ ಬತ್ತಿಗಳಿದ್ದರೆ ರಾತ್ರಿ ಎಂದು ತಿಳಿಯಲು ಅಷ್ಟು ಸಾಕಾಗಿತ್ತು.

ಈ ರೀತಿಯಿಂದ ಏನು ಸಾಧ್ಯವಾಗುತ್ತದೆ ಎಂಬುದನ್ನು ಚಿತ್ರಕಾರ ಬಿಹ್ಜಾದನ ಒಂದು ಚಿತ್ರ ತೋರಿಸುತ್ತದೆ. ಈಗಿನ ಅಫ್ಘಾನಿಸ್ತಾನದಲ್ಲಿರುವ ಹೆರಾತಿನಲ್ಲಿ, ಅಲ್ಲಿನ ಅರಸ ಸುಲ್ತಾನ್ ಹುಸೇನ್ ಬಾಯ್ಕರಾನಿಗಾಗಿ 1488ರಲ್ಲಿ ಸಿದ್ಧವಾದ, ಈಗ ಕೈರೋದಲ್ಲಿರುವ ಕವಿ ಸಾದಿಯ ‘ಬೋಸ್ತಾನ್’ ಕಾವ್ಯದ ಪ್ರತಿಯಲ್ಲಿ ಯೂಸುಫ್ ಮತ್ತು ಜುಲೇಖಾರ ಪ್ರಸಂಗವಿದೆ. ಯೂಸುಫನನ್ನು ಮೋಹಿಸಿದ ಜುಲೇಖಾ ಅವನನ್ನು ಒಂದರ ಒಳಗೊಂದು ಏಳು ಕೋಣೆಗಳ ಅರಮನೆಗೆ ಕರೆದೊಯ್ದು, ಹಿಂದಿನ ಬಾಗಿಲನ್ನು ಮುಚ್ಚಿಕೊಳ್ಳುತ್ತ ಹೋಗುತ್ತಾಳೆ. ಬಿಹ್ಜಾದ್ ಅರಮನೆಯನ್ನು ಬಿಚ್ಚಿಟ್ಟಂತೆ ಪುಟದ ತುಂಬ ಹರಡಿದ್ದಾನೆ: ಕೆಳಗಿನಿಂದ ಮೇಲಿನವರೆಗೆ ಅಂಕುಡೊಂಕಾಗಿ ಏರುವ ಮೆಟ್ಟಿಲುಗಳು, ಮುಚ್ಚಿದ ಬಾಗಿಲುಗಳು, ಜನರಿಲ್ಲದ ಕೋಣೆಗಳು, ಮೇಲ್ಗಡೆಯ ಕೋಣೆಯಲ್ಲಿ ಕೈಚಾಚಿದ ಜುಲೇಖಾ, ತಪ್ಪಿಸಿಕೊಳ್ಳುತ್ತಿರುವ ಯೂಸುಫ್. ಓಡಿಹೋಗಬೇಕಾದವನು ಎಷ್ಟು ಬಾಗಿಲು ದಾಟಬೇಕೆಂಬುದು ಒಂದೇ ನೋಟಕ್ಕೆ ಕಾಣುತ್ತದೆ. ಒಂದೆಡೆ ನಿಂತು ನೋಡುವ ಕಣ್ಣಿಗೆ ಕಾಣುವಷ್ಟನ್ನೇ ಬರೆದಿದ್ದರೆ ಆ ಕೋಣೆಯೊಂದೇ ಕಾಣುತ್ತಿತ್ತು. ದಾಟಿಬಂದ ಬಾಗಿಲುಗಳು ಕಾಣುತ್ತಿರಲಿಲ್ಲ.

ಪ್ರಶ್ನೆ: ಇಂತಹ ಒಂದು ಪುಸ್ತಕಕ್ಕೆ ಎಷ್ಟು ಜನ ದುಡಿಯುತ್ತಿದ್ದರು? ಚಿತ್ರಕಾರನ ಹೆಸರು ಏಕೆ ಕಾಣುವುದಿಲ್ಲ?

ಉತ್ತರ: ಅರಸರ ಆಶ್ರಯದಲ್ಲಿ ‘ಕಿತಾಬ್‌ಖಾನಾ’ ಎಂಬ ಪುಸ್ತಕಶಾಲೆ ಇರುತ್ತಿತ್ತು. ಕಾಗದಕ್ಕೆ ಗಂಜಿ ಹಚ್ಚಿ, ಒಣಗಿದ ಮೇಲೆ ನುಣುಪಾದ ಕಲ್ಲಿನಿಂದ ಉಜ್ಜಿ ಹೊಳಪು ಬರಿಸುವುದು ಮೊದಲ ಕೆಲಸ. ಲಿಪಿಕಾರನು ಚಿತ್ರಕ್ಕೆ ಜಾಗ ಬಿಟ್ಟು ಪದ್ಯಗಳನ್ನು ಬರೆಯುತ್ತಿದ್ದನು. ಅನಂತರ ಚಿತ್ರಕಾರ, ಚಿನ್ನದ ಅಲಂಕಾರ ಮಾಡುವವನು, ಅಂಚಿನ ಗೆರೆ ಎಳೆಯುವವನು, ಕೊನೆಗೆ ರಟ್ಟು ಕಟ್ಟುವವನು. ಹೆರಾತಿನ ರಾಜಕುಮಾರ ಬೈಸುಂಗುರನ ಪುಸ್ತಕಶಾಲೆಯಿಂದ ಹೋದ ಒಂದು ವರದಿ ಇಂದಿಗೂ ಇಸ್ತಾಂಬುಲಿನಲ್ಲಿ ಉಳಿದಿದೆ. ಯಾರ ಕೆಲಸ ಎಲ್ಲಿಗೆ ಬಂದಿದೆ ಎಂಬುದನ್ನು ಒಬ್ಬೊಬ್ಬರ ಹೆಸರು ಹೇಳಿ ಅದರಲ್ಲಿ ಅರಿಕೆ ಮಾಡಲಾಗಿದೆ. ಪರ್ಷಿಯದ ಅರಸರ ಕಥೆ ಹೇಳುವ ಫಿರ್ದೌಸಿಯ ಮಹಾಕಾವ್ಯ ಶಾಹನಾಮೆಯ ಮೊದಲ ಪುಟದ ಅಲಂಕಾರ ಮಾಡುತ್ತಿದ್ದವನಿಗೆ ಕೆಲವು ದಿನ ಕಣ್ಣುನೋವಿತ್ತೆಂಬ ಮಾತೂ ಇದೆ. ಕೂದಲೆಳೆಯಂತಹ ಗೆರೆಗಳನ್ನು ನೋಡಿದಾಗಲೆಲ್ಲ ನನಗೆ ಆ ಕಣ್ಣುಗಳ ನೆನಪಾಗುತ್ತದೆ.

ಹೆಸರು ಬರೆಯುವ ರೂಢಿ ಬಹಳ ಕಡಿಮೆಯಿತ್ತು. ಪುಸ್ತಕ ಅರಸನದು, ಒಂದೇ ಚಿತ್ರದಲ್ಲಿ ಗುರುವಿನ ಕೈಯೂ ಶಿಷ್ಯರ ಕೈಯೂ ಸೇರಿರುತ್ತಿತ್ತು. ಆದರೂ ಬಲ್ಲವರು ಕೈಯನ್ನು ಗುರುತಿಸುತ್ತಿದ್ದರು. ತಬ್ರೀಜಿನಲ್ಲಿ ಪರ್ಷಿಯದ ಅರಸ ಶಾ ತಹ್ಮಾಸ್ಪನಿಗಾಗಿ ಸಿದ್ಧವಾದ ಶಾಹನಾಮೆಯಲ್ಲಿ, ಚಿರತೆಯ ಚರ್ಮ ಉಟ್ಟ ಮೊದಲ ಅರಸ ಗಯೂಮರ್ಸನು ಬಂಡೆಗಳ ನಡುವೆ ಓಲಗದಲ್ಲಿರುವ ಚಿತ್ರವಿದೆ. ಅದನ್ನು ಬರೆದವನು ಸುಲ್ತಾನ್ ಮುಹಮ್ಮದ್ ಎಂಬ ಚಿತ್ರಕಾರ ಎಂದೂ, ಅದರೆದುರು ಚಿತ್ರಕಾರರು ನಾಚಿ ತಲೆತಗ್ಗಿಸಿದರೆಂದೂ 1544ರ ಸುಮಾರಿಗೆ ಲಿಪಿಕಾರ ದೋಸ್ತ್ ಮುಹಮ್ಮದ್ ದಾಖಲಿಸಿದ್ದಾನೆ. ಆ ಬಂಡೆಗಳನ್ನು ನಿಧಾನವಾಗಿ ನೋಡಿ: ನೇರಳೆ, ನೀಲಿ ಮಡಿಕೆಗಳೊಳಗೆ ಮನುಷ್ಯರ, ಪ್ರಾಣಿಗಳ ಮುಖಗಳು ಅಡಗಿವೆ. ಗಯೂಮರ್ಸನ ಮಗ ಸಿಯಾಮಕನು ಮುಂದೆ ದೈತ್ಯನ ಕೈಯಲ್ಲಿ ಸಾಯುತ್ತಾನೆಂಬುದನ್ನು ಕಥೆ ಬಲ್ಲ ಓದುಗನು ತಿಳಿದಿರುತ್ತಾನೆ. ಓಲಗದ ಶಾಂತಿಯ ನಡುವೆಯೂ ಗಯೂಮರ್ಸನ ಮುಖದಲ್ಲಿ ಕಾಣುವ ದುಗುಡ ಆ ಓದುಗನಿಗೆ ಅರ್ಥವಾಗುತ್ತದೆ.

ಪ್ರಶ್ನೆ: ಹಲವು ಚಿತ್ರಗಳಲ್ಲಿ ಹೊಳೆಯ ನೀರು ಕಪ್ಪಾಗಿರುವುದೇಕೆ?

ಉತ್ತರ: ನೀರಿಗೆ ಬೆಳ್ಳಿಯ ಪುಡಿ ಬಳಿಯುತ್ತಿದ್ದರು, ಗಾಳಿ ತಾಗಿ ಅದು ಕಪ್ಪಾಗಿದೆ. ಬರೆದಾಗ ಅದು ಥಳಥಳಿಸುವ ನೀರಾಗಿತ್ತು. ತಾಮ್ರದ ಕಿಲುಬಿನಿಂದ ಮಾಡಿದ ಹಸಿರಂತೂ ಕೆಲವೆಡೆ ಕಾಗದವನ್ನೇ ತಿಂದುಹಾಕಿದೆ. ಬದಖ್‌ಶಾನದ ನೀಲಿಕಲ್ಲನ್ನು ಅರೆದು ತೆಗೆದ ನೀಲಿಯೂ ಚಿನ್ನವೂ ಮಾತ್ರ ಹೆಚ್ಚು ಕೆಡದೆ ಉಳಿದಿವೆ.

ಪ್ರಶ್ನೆ: ಶಾ ತಹ್ಮಾಸ್ಪನ ಶಾಹನಾಮೆಯ ಪುಟಗಳು ಬೇರೆ ಬೇರೆ ದೇಶಗಳಲ್ಲಿರುವುದು ಹೇಗೆ? ಅದನ್ನು ಮತ್ತೆ ಇಡಿಯಾಗಿ ನೋಡಲು ಸಾಧ್ಯವೇ?

ಉತ್ತರ: 759 ಹಾಳೆಗಳೂ 258 ಚಿತ್ರಗಳೂ ಇದ್ದ ಆ ಪುಸ್ತಕವನ್ನು 1568ರಲ್ಲಿ ತುರ್ಕಿಯ ಸುಲ್ತಾನ ಎರಡನೆಯ ಸಲೀಮನಿಗೆ ಕಾಣಿಕೆಯಾಗಿ ಕೊಡಲಾಯಿತು. ಶತಮಾನಗಳ ಅನಂತರ ಅದು ಪ್ಯಾರಿಸ್ಸಿನ ರಾಥ್‌ಚೈಲ್ಡ್ ಕುಟುಂಬದಲ್ಲಿತ್ತು. 1959ರಲ್ಲಿ ಕೊಂಡ ಅಮೆರಿಕದ ಆರ್ಥರ್ ಹೌಟನ್ ಅದರ ಹಾಳೆಗಳನ್ನು ಬಿಡಿಸಿದರು. 78 ಚಿತ್ರಗಳು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಮ್ಮಿಗೆ ಸೇರಿದವು. ಇನ್ನು ಹಲವು ಒಂದೊಂದಾಗಿ ಮಾರಾಟವಾದವು. ಗಯೂಮರ್ಸನ ಓಲಗ ಈಗ ಟೊರಾಂಟೊದ ಆಗಾ ಖಾನ್ ಮ್ಯೂಸಿಯಮ್ಮಿನಲ್ಲಿದೆ. 1994ರಲ್ಲಿ ಇರಾನ್ ಸರ್ಕಾರವು ತನ್ನಲ್ಲಿದ್ದ ಅಮೆರಿಕದ ಚಿತ್ರಕಾರ ವಿಲೆಮ್ ಡ ಕೂನಿಂಗ್ ಅವರ ಒಂದು ವರ್ಣಚಿತ್ರವನ್ನು ಬಿಟ್ಟುಕೊಟ್ಟು, ಉಳಿದಿದ್ದ 118 ಚಿತ್ರಗಳನ್ನು ಬರಹದ ಹಾಳೆಗಳು ಮತ್ತು ರಟ್ಟಿನೊಂದಿಗೆ ಟೆಹರಾನಿಗೆ ತರಿಸಿಕೊಂಡಿತು. ಹಣಕ್ಕಾಗಿ ಇಂತಹ ಪುಸ್ತಕವನ್ನು ಹರಿದು ಹಂಚಿದ್ದು ನನ್ನ ಮಟ್ಟಿಗೆ ಕ್ಷಮಿಸಲಾಗದ ಕೆಲಸ.

ಮೂಲ ಪುಸ್ತಕವನ್ನು ಇಡಿಯಾಗಿ ನೋಡುವುದು ಈಗ ಸಾಧ್ಯವಿಲ್ಲ. 258 ಚಿತ್ರಪುಟಗಳನ್ನೂ ಮೆಟ್ರೊಪಾಲಿಟನ್ ಮ್ಯೂಸಿಯಮ್ 2011ರಲ್ಲಿ ಒಂದೇ ಸಂಪುಟದಲ್ಲಿ ಅಚ್ಚು ಮಾಡಿಸಿತು. ಅವನ್ನು ಕಥೆಯ ಕ್ರಮದಲ್ಲಿ ನೋಡಲು ಅದೇ ದಾರಿ. ನೋಡುವಾಗ ಚಿತ್ರದ ಮೇಲೆ ಕೆಳಗೆ ಇರುವ ಪದ್ಯದ ಸಾಲುಗಳನ್ನು ದಾಟಿ ಹೋಗಬೇಡಿ. ಪರ್ಷಿಯನ್ ಬಾರದಿದ್ದರೂ, ಆ ಪ್ರಸಂಗದ ಅನುವಾದವನ್ನು ಪಕ್ಕದಲ್ಲಿಟ್ಟುಕೊಂಡು ಒಂದು ಪುಟಕ್ಕೆ ಕಾಲು ಗಂಟೆಯನ್ನಾದರೂ ಕೊಡಿ.