ಗೋಡೆಗೆ ಲೆಕ್ಕವಿದೆ, ಕಾಡಿಗೆ ಇಲ್ಲವೇ?

ಓದುಗರ ಪತ್ರ: ಕಡಲ ದಂಡೆಯನ್ನು ಕಾಂಡ್ಲಾ (ಉಪ್ಪುನೀರಿನ ಕೆಸರಿನಲ್ಲಿ ಬೆಳೆಯುವ ಮ್ಯಾಂಗ್ರೋವ್) ಕಾಡು ಕಾಯುತ್ತದೆ ಎಂಬ ಕಳೆದ ಸಂಚಿಕೆಯ ಲೇಖನ ಓದಿದೆ. ನಾನು ನಿವೃತ್ತ ಸಿವಿಲ್ ಎಂಜಿನಿಯರ್. ತಡೆಗೋಡೆಯ ಎತ್ತರ, ದಪ್ಪ, ತಾಳಿಕೆ ಎಲ್ಲವನ್ನೂ ಲೆಕ್ಕ ಹಾಕಿ ಹೇಳಬಹುದು. ಗಿಡಮರಗಳನ್ನು ನಂಬಿ ಜನರ ಜೀವವನ್ನು ಪಣಕ್ಕಿಡಲು ನನಗೆ ಮನಸ್ಸು ಬಾರದು.

ಸಂಪಾದಕರ ಉತ್ತರ: ನಿಮ್ಮ ಪತ್ರದಲ್ಲಿ ಜನರ ಜೀವದ ಬಗ್ಗೆ ಕಳಕಳಿಯಿದೆ. ಉತ್ತರಿಸಲು ಇದನ್ನೇ ಆರಿಸಿಕೊಂಡದ್ದು ಅದಕ್ಕಾಗಿ. ಬಂದರಿಗೆ, ಮನೆಗಳು ಕಿಕ್ಕಿರಿದ ನಗರದ ದಂಡೆಗೆ ಕಾಂಕ್ರೀಟ್ ಬೇಕೇ ಬೇಕು, ಒಪ್ಪಿದೆ. ಆದರೆ ಲೆಕ್ಕವೆಲ್ಲ ಗೋಡೆಯ ಪಾಲಿಗೇ ಸೇರಿದ್ದು ಎಂಬಂತೆ ಬರೆದಿದ್ದೀರಲ್ಲ, ನನ್ನ ತಕರಾರು ಅಲ್ಲಿದೆ.

ಅಲೆ ಗೋಡೆಗೆ ಅಪ್ಪಳಿಸಿ ಹಿಂದಕ್ಕೆ ಸರಿಯುವಾಗ ಬುಡದ ಮರಳನ್ನು ಕೊರೆದೊಯ್ಯುತ್ತದೆ. ಬುಡ ಟೊಳ್ಳಾದಂತೆ ಕಲ್ಲುಗಳು ಒಂದೊಂದಾಗಿ ಜಾರುತ್ತವೆ. ಗೋಡೆ ಮುಗಿಯುವ ತುದಿಯಲ್ಲಿ ಕೊರೆತ ಇನ್ನೂ ಜೋರಾಗಿ, ಪಕ್ಕದ ಊರಿನವರೂ ಗೋಡೆ ಕೇಳತೊಡಗುತ್ತಾರೆ. ಇದು ನಿಮಗೆ ನಾನು ಹೇಳಿಕೊಡಬೇಕಾದ ಪಾಠವಲ್ಲ. ಇನ್ನು ಇಳಿತದ ಹೊತ್ತಿನಲ್ಲಿ ಕಾಂಡ್ಲಾ ಕಾಡಿನ ನೆಲವನ್ನು ನೋಡಿ. ಒಂದು ಜಾತಿಯ ಮರ ಕಾಂಡದಿಂದಲೇ ಕಮಾನು ಬೇರುಗಳನ್ನು ಇಳಿಬಿಟ್ಟು ನಿಂತಿರುತ್ತದೆ. ಇನ್ನೊಂದರ ಉಸಿರುಬೇರುಗಳು ಕೆಸರಿನಿಂದ ಪೆನ್ಸಿಲ್‌ಗಳ ಹಾಗೆ ಮೇಲೆದ್ದಿರುತ್ತವೆ. ಭರತದ ನೀರು ಇವುಗಳ ನಡುವೆ ನುಸುಳುತ್ತ ಸೊರಗಿ, ಹೊತ್ತು ತಂದ ಹೂಳನ್ನು ಅಲ್ಲೇ ಬಿಡುತ್ತದೆ. ಕಡಲಮಟ್ಟ ಏರುತ್ತಿರುವ ಈ ಕಾಲದಲ್ಲಿ ಗೋಡೆ ಕಟ್ಟಿದಷ್ಟೇ ಎತ್ತರ ಉಳಿಯುತ್ತದೆ. ಸಾಕಷ್ಟು ಹೂಳು ಬರುತ್ತಿರುವವರೆಗೆ ಕಾಡಿನ ನೆಲ ತಾನೂ ಏರುತ್ತದೆ.

ಲೆಕ್ಕ ಕೇಳಿದಿರಿ. 100 ಮೀಟರ್ ಅಗಲದ ಕಾಂಡ್ಲಾ ಕಾಡು ಅಲೆಯ ಎತ್ತರವನ್ನು ಶೇ 13ರಿಂದ 66ರಷ್ಟು ತಗ್ಗಿಸಬಲ್ಲದು. ಅಂತರ ದೊಡ್ಡದು, ನಿಜ. ಮರದ ಜಾತಿ, ದಟ್ಟಣೆ, ನೀರಿನ ಆಳ ಎಲ್ಲೆಡೆ ಒಂದೇ ಇರುವುದಿಲ್ಲ. 1999ರ ಅಕ್ಟೋಬರ್‌ನಲ್ಲಿ ಒಡಿಶಾಕ್ಕೆ ಬಡಿದ ಮಹಾ ಚಂಡಮಾರುತದ ಬಳಿಕ ಸಂಶೋಧಕರಾದ ಸೌದಾಮಿನಿ ದಾಸ್ ಮತ್ತು ಜೆಫ್ರಿ ವಿನ್ಸೆಂಟ್ ಕೇಂದ್ರಪಾಡಾ ಜಿಲ್ಲೆಯ ನೂರಾರು ಹಳ್ಳಿಗಳ ಸಾವುಗಳನ್ನು ಪರಿಶೀಲಿಸಿ 2009ರಲ್ಲಿ ಪ್ರಕಟಿಸಿದರು. ಕಡಲಿಗೂ ಹಳ್ಳಿಗೂ ನಡುವೆ ಕಾಂಡ್ಲಾ ಅಗಲವಾಗಿದ್ದ ಕಡೆ ಸಾವು ಕಡಿಮೆ. ಚಂಡಮಾರುತಕ್ಕೆ ಮುಂಚೆ ಕೊಟ್ಟ ಎಚ್ಚರಿಕೆ ಇನ್ನೂ ಹೆಚ್ಚು ಜೀವ ಉಳಿಸಿತು ಎಂದೂ ಅವರೇ ಬರೆದಿದ್ದಾರೆ. ಕಾಡು ಒಂದೇ ಸಾಕು ಎಂದು ನಾನೂ ಹೇಳುತ್ತಿಲ್ಲ.

ನಿಮ್ಮ ವೃತ್ತಿಯವರದೇ ಇನ್ನೊಂದು ಲೆಕ್ಕವಿದೆ. ಅಮೆರಿಕದ ಬಾಸ್ಟನ್‌ನ ಚಾರ್ಲ್ಸ್ ನದಿಯಲ್ಲಿ 1968ರಲ್ಲಿ ನೆರೆ ಬಂದಾಗ ಕೆಳಗಿನ ನಗರ ಭಾಗದಲ್ಲಿ ನೀರು ಬೇಗನೆ ಏರಿತು. ಮೇಲಿನ ಜೌಗು ಪ್ರದೇಶ ಮಾತ್ರ ನೀರನ್ನು ಹಿಡಿದಿಟ್ಟು ನಿಧಾನವಾಗಿ ಬಿಟ್ಟುಕೊಟ್ಟಿತು. ಅದನ್ನು ಗಮನಿಸಿದ ಸೇನಾ ಎಂಜಿನಿಯರುಗಳು, ಅಣೆಕಟ್ಟಿಗಿಂತ ಈ ಜೌಗನ್ನು ಹಾಗೆಯೇ ಉಳಿಸಿಕೊಳ್ಳುವುದು ಅಗ್ಗ ಎಂದರು. 8,000 ಎಕರೆಗೂ ಹೆಚ್ಚು ನೆಲ ಹಾಗೆ ಉಳಿಯಿತು. ನೆದರ್ಲೆಂಡ್ಸ್ ನೀರು ತಡೆಯಲು ತಲೆಮಾರುಗಳಿಂದ ಏರಿಗಳನ್ನು (ಮಣ್ಣಿನ ದಿಬ್ಬಗಳನ್ನು) ಕಟ್ಟಿದ ದೇಶ. 1995ರ ನೆರೆಯಲ್ಲಿ ಅಲ್ಲಿ ಸುಮಾರು 2,50,000 ಜನರನ್ನು ಸ್ಥಳಾಂತರಿಸಬೇಕಾಯಿತು. ಆಮೇಲೆ ನೈಮೇಗೆನ್ ನಗರದ ಎದುರಿನ ಏರಿಯನ್ನು 350 ಮೀಟರ್ ಹಿಂದಕ್ಕೆ ಸರಿಸಿ ನದಿಗೆ ಜಾಗ ಬಿಟ್ಟುಕೊಟ್ಟರು.

ಹಾಗಾದರೆ ಎಲ್ಲೆಡೆ ಗಿಡ ನೆಡೋಣ ಎಂದು ಹೊರಡುವವರ ಮೇಲೆ ನನಗೆ ನಿಮಗಿಂತ ಹೆಚ್ಚು ಕೋಪವಿದೆ. ಸುನಾಮಿಯ ನಂತರ ಶ್ರೀಲಂಕಾದಲ್ಲಿ ಉತ್ಸಾಹದಿಂದ ಕಾಂಡ್ಲಾ ನೆಟ್ಟರು. ಮುಂದೆ ಪರಿಶೀಲಿಸಿದ 23 ತಾಣಗಳ ಪೈಕಿ 9ರಲ್ಲಿ ಒಂದು ಗಿಡವೂ ಉಳಿದಿರಲಿಲ್ಲ. ಭರತ ಎಷ್ಟು ಹೊತ್ತು ನಿಲ್ಲುತ್ತದೆ, ಆ ಮಣ್ಣಿಗೆ ಯಾವ ಜಾತಿ ಒಗ್ಗುತ್ತದೆ ಎಂದು ನೋಡದೆ ನೆಟ್ಟರೆ ಆಗುವುದು ಇದೇ. ಹಳೆಯ ಕಾಡನ್ನು ಸಿಗಡಿ ಕೊಳಕ್ಕಾಗಿ ಕಡಿಯಲು ಅನುಮತಿ ಕೊಟ್ಟ ಕೈಯೇ ಇನ್ನೊಂದು ಕಡೆ ಸಸಿ ನೆಡುತ್ತದೆ, ಪತ್ರಿಕೆಗಳು ಅದರ ಫೋಟೊ ಹಾಕುತ್ತವೆ. ಇರುವ ಕಾಡನ್ನು ಮುಟ್ಟದೆ ಬಿಟ್ಟವರಿಗೆ ಸನ್ಮಾನವಿಲ್ಲ. ಒಡೆಯದೆ ಉಳಿದ ಜೌಗಿಗೆ ಉದ್ಘಾಟನೆಯಿಲ್ಲ, ಗುತ್ತಿಗೆಯಿಲ್ಲ, ಶಿಲಾಫಲಕವಿಲ್ಲ. ಆಯವ್ಯಯದಲ್ಲಿ ಕಟ್ಟುವುದಕ್ಕೆ ಅನುದಾನ ಸಿಗುತ್ತದೆ. ಕಾಯುವ ಸಿಬ್ಬಂದಿಗೆ, ಕಾಡನ್ನೇ ನಂಬಿದ ಮೀನುಗಾರರ ಹಕ್ಕಿಗೆ ಸಿಗುವುದು ಕಷ್ಟ. ನೆರೆ ಬಂದಾಗ ಪರಿಹಾರಕ್ಕೆ ತೆರೆಯುವ ಖಜಾನೆ ನೆರೆಗೆ ಮುಂಚೆ ಏಕೆ ಮುಚ್ಚಿರಬೇಕು?

ನಿಮ್ಮಂಥ ಅನುಭವಿಗಳು ಈ ಪ್ರಶ್ನೆ ಎತ್ತಿದರೆ ಇಲಾಖೆಗಳು ಕಿವಿಗೊಟ್ಟಾವು. ಇನ್ನೊಂದು ಪತ್ರ ಬರೆಯಿರಿ. ನೀವು ಕಟ್ಟಿಸಿದ ತಡೆಗೋಡೆಗಳ ಮೂಲ ವೆಚ್ಚದ ಪಕ್ಕದಲ್ಲಿ ಈವರೆಗಿನ ದುರಸ್ತಿಯ ಖರ್ಚನ್ನೂ ನಮೂದಿಸಿ ಕಳುಹಿಸಿ. ಒಂದು ಸಾಲನ್ನೂ ಕತ್ತರಿಸದೆ ಪ್ರಕಟಿಸುತ್ತೇನೆ.