ತೋಳಿನ ಹತ್ತಿರ ನಿಂತುಹೋದ ಬ್ಲೌಸು

ಓದುಗರಿಂದ ಈ ಸಲ ಬಂದ ಪ್ರಶ್ನೆಗಳಲ್ಲಿ ಜಾಸ್ತಿ ಪಾಲು ಒಂದೇ ಪ್ರಶ್ನೆ. ಊರು ಬೇರೆ, ಮಾತು ಬೇರೆ, ಕೇಳಿರುವುದು ಮಾತ್ರ ಅದನ್ನೇ. ಶುರು ಮಾಡಿದ್ದು ಮುಗೀತಿಲ್ಲ, ಏನು ಮಾಡಲಿ? ಹೊಲಿಗೆ ಕಲಿಸುವ ನಾನು ಇದನ್ನು ತುಂಬಾ ವರ್ಷದಿಂದ ಕೇಳುತ್ತಾ ಬಂದಿದ್ದೇನೆ. ಕೇಳುವವರ ಮೇಲೆ ನನಗೆ ಸಿಟ್ಟಿಲ್ಲ. ಅವರಿಗೆ ಎಲ್ಲ ಕಡೆ ಸಿಗುವ ಉತ್ತರ ಕಂಡರೆ ಸಿಟ್ಟು ಬರುತ್ತದೆ. ದಿನಾ ಹತ್ತು ನಿಮಿಷ ಕೂತ್ಕೊಳ್ಳಿ, ಪಟ್ಟಿ ಮಾಡಿ ಗೋಡೆಗೆ ಅಂಟಿಸಿ, ಮನಸ್ಸು ಗಟ್ಟಿ ಮಾಡಿ ಅಂತೆಲ್ಲ ಹೇಳಿ ಕಳಿಸುತ್ತಾರೆ. ಅರ್ಧ ಹೊಲಿದ ಬಟ್ಟೆಯನ್ನು ಕೈಯಲ್ಲಿ ಹಿಡಿದು ನೋಡಿದವರು ಇಂಥ ಉತ್ತರ ಕೊಡುವುದಿಲ್ಲ.

ಆದ್ದರಿಂದ ಆ ಪ್ರಶ್ನೆಗೆ ಉದ್ದವಾಗಿಯೇ ಬರೆಯುತ್ತೇನೆ. ದಾರ ಪೋಣಿಸುವುದು, ಬಾಬಿನ್ ಸುತ್ತುವುದು, ಮೈ ಅಳತೆ ತೆಗೆಯುವುದು ಹೇಗೆ ಅನ್ನುವುದು ಇಲ್ಲಿ ಇರುವುದಿಲ್ಲ. ಅರ್ಧ ಬ್ಲೌಸ್ ಹೊಲಿದವರಿಗೆ ಅವೆಲ್ಲ ಬಂದೇ ಇರುತ್ತವೆ.

ಪ್ರಶ್ನೆ: ಮೇಡಂ, ಮನೆ ಹತ್ತಿರ ಮೂರು ತಿಂಗಳು ಟೈಲರಿಂಗ್ ಕ್ಲಾಸಿಗೆ ಹೋಗಿದ್ದೆ. ಈಗ ಬೀರುವಿನಲ್ಲಿ ಐದು ಬ್ಲೌಸ್ ಅರ್ಧ ಹೊಲಿದು ಇಟ್ಟಿದ್ದೇನೆ, ಒಂದು ರೇಷ್ಮೆದು. ಮಗಳ ಲಂಗವೂ ಹಾಗೇ ಇದೆ. ತೆಗೆದು ನೋಡ್ತೀನಿ, ಕೈಯೇ ಓಡಲ್ಲ, ಮತ್ತೆ ಮಡಚಿಡ್ತೀನಿ. ಮನೆಯಲ್ಲಿ ಸೋಮಾರಿ ಅಂತಾರೆ. ಆಸಕ್ತಿ ಬರೋಕೆ ಏನು ಮಾಡಬೇಕು? (ದಾವಣಗೆರೆ)

ಆಸಕ್ತಿ ಇಲ್ಲದವರು ಐದು ಬ್ಲೌಸ್ ಕತ್ತರಿಸುವುದಿಲ್ಲ. ನೀವು ಸೋಮಾರಿ ಅಲ್ಲ. ಮನೆಯವರು ಏನಾದರೂ ಹೇಳಿಕೊಳ್ಳಲಿ ಬಿಡಿ.

ಐದನ್ನೂ ಮಂಚದ ಮೇಲೆ ಹರಡಿ. ಪ್ರತಿಯೊಂದೂ ಎಲ್ಲಿ ನಿಂತಿದೆ ನೋಡಿ. ಡಾಟ್ಸ್ (ಎದೆಯ ಆಕಾರಕ್ಕೆ ಹಾಕುವ ಮಡಿಕೆ) ಹಿಡಿದಾಗಿದೆ, ಭುಜ ಕೂಡಿಸಿದೆ, ಕುತ್ತಿಗೆಗೆ ಪೈಪಿಂಗ್ ಬಂದಿದೆ, ತೋಳು ಮಾತ್ರ ಬೇರೆಯಾಗಿ ಬಿದ್ದಿದೆ, ಅಲ್ವಾ? ನನ್ನ ಕ್ಲಾಸಿಗೆ ಅರ್ಧ ಬ್ಲೌಸ್ ಹಿಡಿದು ಬರುವವರದೆಲ್ಲ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಒಂದೋ ತೋಳಿನ ಹತ್ತಿರ ನಿಂತಿರುತ್ತದೆ, ಇಲ್ಲ ಹುಕ್ಸ್ ಹತ್ತಿರ. ಅಂದರೆ ಒಂದು ಕೆಲಸ ಸರಿಯಾಗಿ ಬರುವುದಿಲ್ಲ, ಅಲ್ಲಿಗೆ ಬಂದಾಗಲೆಲ್ಲ ಕೈ ಹಿಂಜರಿಯುತ್ತದೆ. ಆ ಒಂದು ಕೆಲಸ ಕಲಿತರೆ ಐದೂ ಮುಗಿಯುತ್ತವೆ. ಮೂರು ತಿಂಗಳ ಕ್ಲಾಸಿನಲ್ಲಿ ತೋಳನ್ನು ಕಡೇ ವಾರ ಅವಸರದಲ್ಲಿ ತೋರಿಸಿ ಮುಗಿಸುತ್ತಾರೆ. ಅದು ನಿಮ್ಮ ತಪ್ಪಲ್ಲ.

ತೋಳಿಗೆ ಹೋಗುವ ಮೊದಲು ಇನ್ನೊಂದು ಕೆಲಸ ಇದೆ. ನಿಮ್ಮ ಎದೆ, ಸೊಂಟ, ತೋಳಿನ ದಪ್ಪ ಇವತ್ತು ಮತ್ತೆ ಅಳೆಯಿರಿ. ಕತ್ತರಿಸಿದ ದಿನದ ಮೈ ಈಗ ಇರಲಿಕ್ಕಿಲ್ಲ. ಒಳಗೆ ಮಾರ್ಜಿನ್, ಅಂದರೆ ಹೊಲಿಗೆಯ ಆಚೆ ಹೆಚ್ಚುವರಿ ಬಟ್ಟೆ, ಬಿಟ್ಟಿದ್ದರೆ ಹೆದರಬೇಡಿ. ಎರಡು ಪಕ್ಕ ಸೇರಿ ನಾಲ್ಕು ಅಂಚು ಬರುತ್ತವೆ. ಒಂದೊಂದು ಅಂಚಿನಲ್ಲಿ ಅರ್ಧ ಇಂಚು ಬಿಟ್ಟರೂ ಸುತ್ತಳತೆಗೆ 2 ಇಂಚು ಸಿಗುತ್ತದೆ. ಮಾರ್ಜಿನ್ ಇಲ್ಲ, ಬ್ಲೌಸ್ 3 ಇಂಚು ಬಿಗಿ ಅಂತಾದರೆ ಅದನ್ನು ಇವತ್ತೇ ಬದಿಗಿಡಿ. ತಂಗಿಗೋ ಮಗಳಿಗೋ ಆಗುತ್ತದಾ ನೋಡಿ. ಯಾರಿಗೂ ಆಗದಿದ್ದರೆ ಕೌದಿಗೆ ಹಾಕಿ. ಮಗಳ ಲಂಗಕ್ಕೂ ಇದೇ ಮಾತು. ಮೊದಲು ಮಗಳ ಸೊಂಟ, ಉದ್ದ ಅಳೆಯಿರಿ, ಆಮೇಲೆ ಸೂಜಿ ಹಿಡಿಯಿರಿ. ಆಗದ ಬಟ್ಟೆಯನ್ನು ಮುಗಿಸಿ ಏನು ಪ್ರಯೋಜನ?

ಈಗ ತೋಳು. ಬಾಡಿಯ (ತೋಳು ಬಿಟ್ಟು ಉಳಿದ ಬ್ಲೌಸಿನ) ಆರ್ಮ್‌ಹೋಲನ್ನು, ಅಂದರೆ ತೋಳು ಕೂರುವ ತಿರುವನ್ನು, ಹೊಲಿಗೆ ಬೀಳುವ ಗೆರೆಯ ಮೇಲೆ ಅಳೆಯಿರಿ, ಕತ್ತರಿಸಿದ ಅಂಚಿನ ಮೇಲೆ ಅಲ್ಲ. ಟೇಪನ್ನು ಮಲಗಿಸಬೇಡಿ. ಅಂಚಿನ ಮೇಲೆ ನಿಲ್ಲಿಸಿ, ತಿರುವಿನ ಜೊತೆಗೇ ಬಾಗಿಸುತ್ತಾ ಹೋಗಿ. ಮಲಗಿಸಿದ ಟೇಪು ತಿರುವಿನಲ್ಲಿ ಸರಿಯಾದ ಲೆಕ್ಕ ಕೊಡುವುದಿಲ್ಲ. ಆಮೇಲೆ ತೋಳಿನ ಮೇಲಿನ ತಿರುವನ್ನೂ ಹಾಗೇ ಅಳೆಯಿರಿ. ಎರಡು ಸಂಖ್ಯೆಯನ್ನೂ ಕಾಗದದ ಮೇಲೆ ಬರೆಯಿರಿ.

ಸಾದಾ ಬ್ಲೌಸಿಗೆ ತೋಳು ಆರ್ಮ್‌ಹೋಲಿಗಿಂತ ಅರ್ಧ ಇಂಚು ಜಾಸ್ತಿ ಇದ್ದರೆ ಚೆಂದ ಕೂರುತ್ತದೆ. ಮುಕ್ಕಾಲು ಇಂಚಿನವರೆಗೂ ನಡೆಯುತ್ತದೆ. ಆರ್ಮ್‌ಹೋಲ್ 16, ತೋಳು 18 ಇದ್ದರೆ ಎಷ್ಟು ಆಸಕ್ತಿ ಇದ್ದರೂ ಸುಕ್ಕು ಬಂದೇ ಬರುತ್ತದೆ. ಆಗ ತೋಳಿನ ತಿರುವಿನ ಎರಡೂ ತುದಿಯಲ್ಲಿ, ಕಂಕುಳ ಬದಿಗೆ, ಮುಕ್ಕಾಲು ಮುಕ್ಕಾಲು ಇಂಚು ಒಳಗೆ ತೆಗೆದುಕೊಂಡರೆ ಒಂದೂವರೆ ಇಂಚು ಇಳಿಯುತ್ತದೆ. ತೋಳಿನ ದಪ್ಪ ಮೊದಲೇ ಅಳೆಯಿರಿ ಅಂದದ್ದು ಇದಕ್ಕೇ. ಅಷ್ಟು ಒಳಗೆ ತೆಗೆದರೆ ಕೈ ಬಿಗಿಯಾಗುತ್ತದೆ ಅನ್ನಿಸಿದರೆ ಅರ್ಧ ಇಂಚಿಗೆ ನಿಲ್ಲಿಸಿ. ಉಳಿದದ್ದನ್ನು ತೋಳಿನ ನೆತ್ತಿಯಲ್ಲಿ ಸ್ವಲ್ಪ ಇಳಿಸಿ ಹೊಸ ತಿರುವು ಬರೆದುಕೊಳ್ಳಿ. ಬಾಡಿಯ ಆರ್ಮ್‌ಹೋಲನ್ನು ಕೊರೆದು ದೊಡ್ಡದು ಮಾಡುವ ಕೆಲಸಕ್ಕೆ ಮಾತ್ರ ಕೈ ಹಾಕಬೇಡಿ. ಕತ್ತರಿಸಿದ್ದು ವಾಪಸ್ ಬರುವುದಿಲ್ಲ.

ಉಲ್ಟಾ ಕೂಡ ಆಗುತ್ತದೆ, ತೋಳು ಚಿಕ್ಕದು, ಆರ್ಮ್‌ಹೋಲ್ ದೊಡ್ಡದು. ಎರಡು ವರ್ಷ ಹ್ಯಾಂಗರಿಗೆ ನೇತುಹಾಕಿದ ಅರ್ಧ ಬ್ಲೌಸಿನಲ್ಲಿ ಇದು ಸಾಮಾನ್ಯ. ಆರ್ಮ್‌ಹೋಲಿನ ತಿರುವು ಬಟ್ಟೆಯ ಎಳೆಗೆ ಕ್ರಾಸ್ ಆಗಿ, ಅಂದರೆ ಓರೆಯಾಗಿ, ಬರುತ್ತದೆ, ಕ್ರಾಸ್ ಅಂಚು ಎಳೆದರೆ ಹಿಗ್ಗುತ್ತದೆ. ಮಷಿನಿನ ಹೊಲಿಗೆ ಉದ್ದ ಮಾಡಿ ಆ ಅಂಚಿನ ಸುತ್ತ ಒಂದು ಸಾಲು ಹಾಕಿ. ದಾರವನ್ನು ಹಗುರಾಗಿ ಎಳೆದು ಹಿಗ್ಗಿದಷ್ಟನ್ನು ಒಳಗೆ ತನ್ನಿ, ಇಸ್ತ್ರಿ ಮಾಡಿ ಕೂರಿಸಿ. ಇನ್ನು ಮೇಲೆ ಅರ್ಧ ಹೊಲಿದದ್ದನ್ನು ನೇತುಹಾಕಬೇಡಿ, ಮಡಚಿಡಿ.

ಎಡ ತೋಳು, ಬಲ ತೋಳು ನೋಡಿಕೊಂಡಿರಾ? ತೋಳಿನ ಮುಂಭಾಗದ ತಿರುವು ಹಿಂಭಾಗಕ್ಕಿಂತ ಆಳ. ಆಳದ ಬದಿ ಬ್ಲೌಸಿನ ಮುಂಭಾಗಕ್ಕೇ ಬರಬೇಕು. ಅದಲುಬದಲಾದರೆ ಕೈ ಮುಂದಕ್ಕೆ ಚಾಚಿದಾಗ ಎಳೆಯುತ್ತದೆ. ಎರಡೂ ಎಡಗೈಯ ತೋಳೇ ಕತ್ತರಿಸಿದವರೂ ಇದ್ದಾರೆ. ಬಟ್ಟೆಯ ಎರಡೂ ಬದಿ ಒಂದೇ ಥರ ಇಲ್ಲದಿದ್ದರೆ ಅದಕ್ಕೆ ಹೊಸ ತುಂಡು ಬೇಕು, ಬೇರೆ ದಾರಿ ಇಲ್ಲ.

ಕೂಡಿಸುವಾಗ ತೋಳಿನ ನಡುಗುರುತನ್ನು ಭುಜದ ಹೊಲಿಗೆಗೆ ಸರಿಯಾಗಿ ಇಟ್ಟು ಕಚ್ಚಾ ಹೊಲಿಗೆ (ಆಮೇಲೆ ಬಿಚ್ಚುವ ಉದ್ದ ಕೈಹೊಲಿಗೆ) ಹಾಕಿ. ಈ ಕಚ್ಚಾ ಹೊಲಿಗೆ ಬಿಟ್ಟು ಮುಂದೆ ಹೋಗುವವರಿಗೆ ನನ್ನ ಹತ್ತಿರ ಉತ್ತರ ಇಲ್ಲ. ಮಷಿನಿಗೆ ಇಡುವಾಗ ತೋಳು ಕೆಳಗೆ, ಬಾಡಿ ಮೇಲೆ ಇರಲಿ. ಮಷಿನಿನ ಹಲ್ಲು ಕೆಳಗಿನ ಬಟ್ಟೆಯನ್ನು ಮೇಲಿನದಕ್ಕಿಂತ ತುಸು ಬೇಗ ಒಳಗೆಳೆಯುತ್ತದೆ. ಆ ಹೆಚ್ಚಿನ ಅರ್ಧ ಇಂಚು ಸುಕ್ಕು ಬೀಳದೆ ಅಲ್ಲೇ ಸೇರಿಕೊಳ್ಳುತ್ತದೆ. ತೋಳನ್ನು ಮೇಲಿಟ್ಟು ಬೆರಳಿನಿಂದ ತಳ್ಳುತ್ತಾ ಹೊಲಿದರೆ ಕಡೆಗೆ ಒಂದು ಮಡಿಕೆ ಉಳಿದೇ ಉಳಿಯುತ್ತದೆ. ತೋಳು ಕೂತ ಮೇಲೆ ತೋಳಿನ ತುದಿಯಿಂದ ಸೊಂಟದವರೆಗೆ ಸೈಡನ್ನು ಒಂದೇ ಓಟದಲ್ಲಿ ಹೊಲಿಯಿರಿ. ಮುಂದೆ ಸಡಿಲ ಮಾಡುವುದಕ್ಕೂ ಅದೇ ಸುಲಭ.

ಹುಕ್ಸ್ ಬಗ್ಗೆ ಇಷ್ಟೇ. ಎದೆಯ ನಡುಮಟ್ಟದಲ್ಲಿ ಎಳೆತ ಜಾಸ್ತಿ, ಅಲ್ಲಿ ಮೊದಲನೆಯ ಹುಕ್ ಹಾಕಿ. ಆಮೇಲೆ ಮೇಲೆ ಕೆಳಗೆ ಸಮ ಅಂತರದಲ್ಲಿ ಹಂಚಿ. ಮೇಲಿನಿಂದ ಲೆಕ್ಕ ಹಾಕುತ್ತಾ ಬಂದರೆ ಬೇಕಾದ ಜಾಗದಲ್ಲೇ ಸಂದು ಬಿಡುತ್ತದೆ.

ರೇಷ್ಮೆ ಬ್ಲೌಸನ್ನು ಕಡೆಗೆ ಇಟ್ಟುಕೊಳ್ಳಿ. ಆದರೆ ಅದರಲ್ಲಿರುವ ಗುಂಡುಸೂಜಿಗಳನ್ನು ಇವತ್ತೇ ತೆಗೆಯಿರಿ. ಮಳೆಗಾಲದಲ್ಲಿ ಸೂಜಿ ತುಕ್ಕು ಹಿಡಿದರೆ ರೇಷ್ಮೆಯ ಮೇಲೆ ಬಿದ್ದ ಕಲೆ ಹೋಗುವುದು ಕಷ್ಟ. ಟೈಲರ್ ಚಾಕ್‌ಪೀಸಿನ ಗುರುತಿನ ಮೇಲೆ ಇಸ್ತ್ರಿ ಆಡಿಸಬೇಡಿ, ಮೇಣದ ಚಾಕ್‌ಪೀಸಾದರೆ ಕರಗಿ ಒಳಗೆ ಇಳಿಯುತ್ತದೆ. ಮೊದಲು ಒದರಿ, ಬ್ರಷ್ಷಿನಿಂದ ಉಜ್ಜಿ. ಲೈನಿಂಗ್ ಇನ್ನೂ ಕೂಡಿಸಿಲ್ಲದಿದ್ದರೆ, ನೆನೆಸದ ಕಾಟನ್ ಆಗಿದ್ದರೆ, ಈಗ ನೆನೆಸಿ ಒಣಗಿಸಿ. ಕುಗ್ಗಿದರೆ ಈಗಲೇ ಕುಗ್ಗಲಿ, ಬ್ಲೌಸ್ ಆದ ಮೇಲೆ ಬೇಡ. ಕುಗ್ಗಿ ಬಾಡಿಗಿಂತ ಚಿಕ್ಕದಾದರೆ ಹೊಸ ಲೈನಿಂಗ್ ಕತ್ತರಿಸಿಕೊಳ್ಳಿ.

ಐದರಲ್ಲಿ ಅಗ್ಗದ ಕಾಟನ್ ಬ್ಲೌಸ್ ಯಾವುದೋ ಅದರ ತೋಳನ್ನು ಮೊದಲು ಕೂರಿಸಿ. ಸರಿಬಾರದಿದ್ದರೆ ಬಿಚ್ಚಿ ಮತ್ತೆ ಕೂರಿಸಿ. ಬಿಚ್ಚುವುದೂ ಹೊಲಿಗೆಯ ಕೆಲಸವೇ. ಆಮೇಲೆ ಉಳಿದವುಗಳ ತೋಳನ್ನು ಒಟ್ಟಿಗೇ ಮಾಡಿ. ಒಂದೇ ಕೆಲಸ ಮತ್ತೆ ಮತ್ತೆ ಮಾಡಿದಾಗಲೇ ಕೈ ಪಳಗುವುದು.

ಪ್ರಶ್ನೆ: ಯೂಟ್ಯೂಬಿನಲ್ಲಿ "ಏಳೇ ದಿನದಲ್ಲಿ ಬ್ಲೌಸ್, ಎಲ್ಲಾ ಸೈಜಿಗೂ ಒಂದೇ ಫಾರ್ಮುಲಾ" ಅಂತ ಕೋರ್ಸ್ ಇದೆ. ಸೇರಬಹುದಾ? (ತುಮಕೂರು)

ಬೇಡ. ಎದೆ ಸುತ್ತಳತೆ 36 ಇರುವ ಇಬ್ಬರನ್ನು ಪಕ್ಕಪಕ್ಕ ನಿಲ್ಲಿಸಿ ನೋಡಿ. ಒಬ್ಬರ ಭುಜ ಅಗಲ, ಇನ್ನೊಬ್ಬರ ತೋಳು ದಪ್ಪ. ಒಂದೇ ಫಾರ್ಮುಲಾ ಇಬ್ಬರಿಗೂ ಹೇಗೆ ಕೂರುತ್ತದೆ? ಇಂಥವರನ್ನು ನಂಬಿ ಕತ್ತರಿಸಿದ ಬಟ್ಟೆಗಳೇ ಆಮೇಲೆ ಬೀರು ಸೇರುತ್ತವೆ. ದುಡ್ಡು ಹೋಗುವುದರ ಜೊತೆಗೆ "ನನ್ನ ಕೈಲಿ ಆಗಲ್ಲ" ಅನ್ನುವ ಭಯ ಬೇರೆ ಕೂತುಬಿಡುತ್ತದೆ. ಅದು ನನಗೆ ತುಂಬಾ ಬೇಜಾರಿನ ವಿಷಯ. ನಿಮ್ಮ ಊರಿನಲ್ಲಿ ಬ್ಲೌಸ್ ಹೊಲಿಯುವ ಅಕ್ಕನ ಹತ್ತಿರ ಹೋಗಿ. ಫೀಸು ಕೊಟ್ಟು ಎರಡು ಮಧ್ಯಾಹ್ನ ಪಕ್ಕದಲ್ಲಿ ಕೂತು ನೋಡಿ.

ಪ್ರಶ್ನೆ: ಅಮೆರಿಕದಲ್ಲಿರುವ ಮೊಮ್ಮಗನಿಗೆ ಸ್ವೆಟರ್ ಶುರು ಮಾಡಿದ್ದೆ. ಮಗಳು ಕಳಿಸಿದ ಪ್ಯಾಟರ್ನ್‌ನಲ್ಲಿ 8 ನಂಬರ್ ಕಡ್ಡಿ ಅಂತಿತ್ತು. ಅದರಲ್ಲೇ ಹಾಕಿದರೂ ಚಿಕ್ಕದಾಗ್ತಿದೆ. ಬೇಜಾರಾಗಿ ಬಿಟ್ಟೆ. ಈಗ ಉಲ್ಲನ್ನೂ ಸಾಲದು. (ಮೈಸೂರು)

ಅಮ್ಮಾ, ತಪ್ಪು ಕಡ್ಡಿಯ ನಂಬರಿನಲ್ಲಿದೆ. ನಮ್ಮ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಹಳೇ ಬ್ರಿಟಿಷ್ ನಂಬರ್. ಅದರಲ್ಲಿ 8 ಅಂದರೆ 4 ಮಿಲಿಮೀಟರ್. ಅಮೆರಿಕದ 8 ಅಂದರೆ 5 ಮಿಲಿಮೀಟರ್. ನಮ್ಮಲ್ಲಿ ನಂಬರ್ ಏರಿದಷ್ಟೂ ಕಡ್ಡಿ ಸಣ್ಣ, ಅಲ್ಲಿ ನಂಬರ್ ಏರಿದಷ್ಟೂ ದಪ್ಪ. ಇಂಚಿಗೆ 5 ಸ್ಟಿಚ್ ಬರಬೇಕಾದ ಕಡೆ ಐದೂವರೆ ಬಂದರೆ, 120 ಸ್ಟಿಚ್‌ಗೆ 24 ಇಂಚು ಸಿಗುವ ಬದಲು 22 ಇಂಚೂ ಸಿಗುವುದಿಲ್ಲ. ನಂಬರ್ ನೋಡಬೇಡಿ, ಯಾವಾಗಲೂ ಮಿಲಿಮೀಟರ್ ನೋಡಿ.

ಬೆನ್ನಿನ ಭಾಗ ಅರ್ಧ ಆಗಿದ್ದರೂ ಬಿಚ್ಚಿಬಿಡಿ. ಕಡ್ಡಿ ಬದಲಿಸಿ ಅಲ್ಲಿಂದಲೇ ಮುಂದುವರಿಸಿದರೆ ಗೆರೆ ಎದ್ದು ಕಾಣುತ್ತದೆ. ಬಿಚ್ಚಿದ ಉಲ್ಲನ್ ಗುಂಗುರಾಗಿರುತ್ತದೆ. ಲಡಿ ಮಾಡಿ ಉಗುರುಬೆಚ್ಚನೆ ನೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ಒಣಗಿಸಿ. ಹೊಸ ಉಲ್ಲನ್ ತರುವಾಗ ಲೇಬಲ್ ಮೇಲಿನ ಲಾಟ್ ನಂಬರ್ (ಒಂದೇ ಸಲ ಬಣ್ಣ ಹಾಕಿದ ಉಲ್ಲನ್ನಿನ ಗುರುತು) ನೋಡಿ. ಅದೇ ಲಾಟ್ ಸಿಗದಿದ್ದರೆ ಅದೇ ಬಣ್ಣ ಅಂತ ಅಂಗಡಿಯವರು ಹೇಳಿದರೂ ಬಿಸಿಲಿಗೆ ಹಿಡಿದಾಗ ವ್ಯತ್ಯಾಸ ಕಾಣುತ್ತದೆ. ಎರಡು ಸಾಲು ಹಳೇದು, ಎರಡು ಸಾಲು ಹೊಸದು ಹೀಗೆ ಬೆರೆಸಿ ಹೆಣೆಯಿರಿ, ಇಲ್ಲ ತೋಳು ಮತ್ತು ಅಂಚಿಗೆ ಬೇರೆ ಬಣ್ಣವೇ ಹಾಕಿ. ಮೊಮ್ಮಗನ ಈಗಿನ ಅಳತೆ ಕೇಳಿ ತರಿಸಿಕೊಂಡು, ಮುಂದಿನ ಚಳಿಗಾಲಕ್ಕೆ ಆಗುವಂತೆ ದೊಡ್ಡದಾಗಿ ಶುರು ಮಾಡಿ. ಎದ್ದು ಹೋಗುವಾಗ ಸಾಲು ಮುಗಿಸಿಯೇ ಏಳಿ. ತಿಂಗಳುಗಟ್ಟಲೆ ಬಿಡುವುದಾದರೆ ಸ್ಟಿಚ್‌ಗಳನ್ನು ಕಡ್ಡಿಯಿಂದ ಒಂದು ದಪ್ಪ ದಾರಕ್ಕೆ ದಾಟಿಸಿ.

ಪ್ರಶ್ನೆ: ಕಸೂತಿ ಅರ್ಧಕ್ಕೆ ಬಿಟ್ಟಿದ್ದೆ. ಹಿಂದೆ ಗಂಟು ಹಾಕಿ ಮುಂದುವರಿಸಲಾ? (ಹುಬ್ಬಳ್ಳಿ)

ಕಸೂತಿಗೆ ಗಂಟು ಹಾಕಬಾರದು, ಇದು ನಿಮ್ಮ ಕಡೆಯವರಿಗೇ ಚೆನ್ನಾಗಿ ಗೊತ್ತು. ಗವಂತಿ, ಮುರ್ಗಿ ಅನ್ನುವ ಕಸೂತಿ ಹೊಲಿಗೆ ಎರಡೂ ಮುಂದೆ ಹಿಂದೆ ಒಂದೇ ಥರ ಕಾಣಬೇಕು. ಹೋದ ದಾರಿಯಲ್ಲೇ ವಾಪಸ್ ಬರುವ ಹೊಲಿಗೆ ಅದು. ನೀವು ಹೋಗುವ ದಾರಿಯಲ್ಲಿ ನಿಂತಿದ್ದೀರೋ ಬರುವ ದಾರಿಯಲ್ಲೋ ಮೊದಲು ಎಳೆ ಎಣಿಸಿ ನೋಡಿ. ಗೊತ್ತಾಗದಿದ್ದರೆ ಆ ಒಂದು ಹೂವಿನಷ್ಟು ಮಾತ್ರ ಬಿಚ್ಚಿ.

ಪ್ರಶ್ನೆ: ಮಂಗಳವಾರ ಹೊಸ ಬಟ್ಟೆಗೆ ಕತ್ತರಿ ಹಾಕಿದ್ದಕ್ಕೇ ಕೆಲಸ ನಿಂತಿದೆ ಅಂತಾರೆ ಅತ್ತೆ. ಹೌದಾ? (ಹಾಸನ)

ಅಲ್ಲ. ನಿಮ್ಮ ಬ್ಲೌಸೂ ತೋಳಿನ ಹತ್ತಿರವೇ ನಿಂತಿರುತ್ತದೆ, ನೋಡಿ.

ಪ್ರಶ್ನೆ: ಕೇಕ್ ಹಿಟ್ಟು ಕಲಸಿದ ಮೇಲೆ ಕರೆಂಟ್ ಹೋಯಿತು. ಫ್ರಿಜ್ಜಿನಲ್ಲಿಟ್ಟು ನಾಳೆ ಬೇಯಿಸಲಾ? (ಶಿವಮೊಗ್ಗ)

ಬೇಡ. ಸೋಡಾ, ಬೇಕಿಂಗ್ ಪೌಡರ್ ಹಾಕಿ ಕಲಸಿದ ಹಿಟ್ಟು ಕಾಯುವುದಿಲ್ಲ, ಗಾಳಿ ಹೋಗಿ ಕೇಕ್ ಗಟ್ಟಿಯಾಗುತ್ತದೆ. ಕೂಡಲೇ ಕುಕ್ಕರಿಗೆ ಹಾಕಿ, ಗ್ಯಾಸ್ಕೆಟ್ ಮತ್ತು ವಿಸಿಲ್ ತೆಗೆದು, ಸಣ್ಣ ಉರಿಯಲ್ಲಿ ಬೇಯಿಸಿ. ಈಸ್ಟ್ ಹಾಕಿದ ಬ್ರೆಡ್ ಹಿಟ್ಟಾದರೆ ರಾತ್ರಿ ಫ್ರಿಜ್ಜಿನಲ್ಲಿಡಬಹುದು. ತುಂಬಾ ದಿನದಿಂದ ತೆಗೆದಿಟ್ಟ ಬೇಕಿಂಗ್ ಪೌಡರ್ ಇದ್ದರೆ ಒಂದು ಚಮಚವನ್ನು ಬಿಸಿನೀರಿಗೆ ಹಾಕಿ ನೋಡಿ. ಬುಸುಗುಟ್ಟದಿದ್ದರೆ ಎಸೆಯಿರಿ.

ಪ್ರಶ್ನೆ: ಮಷಿನ್ ಎರಡು ವರ್ಷದಿಂದ ಹಾಗೇ ಇತ್ತು, ಗಟ್ಟಿಯಾಗಿದೆ. ಮನೆಯಲ್ಲಿರೋ ಕೊಬ್ಬರಿ ಎಣ್ಣೆ ಬಿಡಬಹುದಾ? (ಪುತ್ತೂರು)

ಖಂಡಿತ ಬೇಡ. ಯಾರು ಹೇಳಿದರೂ ಬೇಡ. ಕೊಬ್ಬರಿ ಎಣ್ಣೆ ಚಳಿಗೆ ಹೆಪ್ಪುಗಟ್ಟುತ್ತದೆ, ಧೂಳಿನ ಜೊತೆ ಸೇರಿ ಅಂಟಾಗುತ್ತದೆ. ಹೊಲಿಗೆ ಮಷಿನಿನ ಎಣ್ಣೆ ಅಂತಲೇ ಸಣ್ಣ ಬಾಟಲಿ ಸಿಗುತ್ತದೆ, ಅದನ್ನು ತನ್ನಿ. ಮೊದಲು ಬಾಬಿನ್ ಕೇಸ್ ಬಿಚ್ಚಿ, ಹಲ್ಲಿನ ಸಂದಿನಲ್ಲಿ ಕೂತ ನೂಲಿನ ಕಸವನ್ನು ಬ್ರಷ್ಷಿನಿಂದ ತೆಗೆಯಿರಿ. ಎಣ್ಣೆಯ ತೂತುಗಳಿಗೆ ಒಂದೊಂದೇ ಹನಿ ಬಿಡಿ. ಸೂಜಿ ಹೊಸದು ಹಾಕಿ, ಸಾಮಾನ್ಯ ಕಾಟನ್‌ಗೆ 14, ರೇಷ್ಮೆಗೆ 11. ಮೋಟಾರ್ ಇರುವ ಮಷಿನ್ ಆದರೆ ಈ ಕೆಲಸ ಮಾಡುವಾಗ ಪ್ಲಗ್ ಕಿತ್ತಿರಲಿ, ಪೆಡಲ್ ಮೇಲೆ ಕಾಲು ಬೇಡವೇ ಬೇಡ. ಆಮೇಲೆ ಹಳೇ ಬಟ್ಟೆಯ ಮೇಲೆ ಒಂದಷ್ಟು ಸಾಲು ಓಡಿಸಿ, ಎಣ್ಣೆಯ ಕಲೆ ಬೀಳುವುದು ನಿಂತ ಮೇಲೆಯೇ ಒಳ್ಳೇ ಬಟ್ಟೆ ಇಡಿ.