ಅಮ್ಮ ಸತ್ತ್ರೂ ಅಳದವನ ಅಪ್ಪ ಯಾರು?

ಪ್ರಶ್ನೆ: ಸರ್, ಎಂಎ ಪ್ರಾಜೆಕ್ಟ್‌ಗೆ ಫ್ರೆಂಚ್ ಕಾದಂಬರಿಕಾರ ಆಲ್ಬರ್ಟ್ ಕಮೂ ತಗೊಂಡಿದೀನಿ. 'ದಿ ಔಟ್‌ಸೈಡರ್' ಕಾದಂಬರಿ ಎರಡು ಸಲ ಓದಿದೆ, ಅಮ್ಮ ಸತ್ತ್ರೂ ಕಣ್ಣೀರು ಹಾಕದ ಅದರ ನಾಯಕ ಮೆರ್ಸೋ ಬರೀ ಕಲ್ಲು ಅನ್ಸುತ್ತೆ, ಕಮೂನೂ ಹಂಗೇ ಇದ್ನಾ? ಮೊದ್ಲು ಎಕ್ಸಿಸ್ಟೆನ್ಷಿಯಲಿಸಂ ಓದ್ಕೊಂಡು ಆಮೇಲೆ ಕಾದಂಬರಿಗೆ ಬರಬೇಕಾ, ಇಲ್ಲ ಜೀವನಚರಿತ್ರೆ ಹಿಡೀಲಾ?

ಉತ್ತರ: ಮೊದ್ಲು ಆ ಎಕ್ಸಿಸ್ಟೆನ್ಷಿಯಲಿಸಂ (ಅಸ್ತಿತ್ವವಾದ, ಅಂದ್ರೆ ಬದುಕಿಗೆ ರೆಡಿಮೇಡ್ ಅರ್ಥ ಇಲ್ಲ, ಮನುಷ್ಯನೇ ಕಟ್ಕೋಬೇಕು ಅನ್ನೋ ತತ್ವ) ಅನ್ನೋ ಬೋರ್ಡು ಕಿತ್ತಾಕಿ. ನಾನು ಆ ಗುಂಪಿನವನಲ್ಲ ಅಂತ 1945ರಲ್ಲೇ ಒಂದು ಸಂದರ್ಶನದಲ್ಲಿ ಕಮೂನೇ ಹೇಳಿದಾನೆ, ಆದ್ರೂ ಎಲ್ಲರೂ ಅವನನ್ನ ಆ ತತ್ವದ ದೊಡ್ಡ ಹೆಸರು ಸಾರ್ತ್ರ್ ಪಕ್ಕದಲ್ಲೇ ಕೂರಿಸ್ತಾರೆ, 1952ರಲ್ಲಿ ಇಬ್ಬರೂ ಬಹಿರಂಗವಾಗಿ ಜಗಳ ಆಡಿ ದೂರ ಆದ್ಮೇಲೂ! ಬದುಕಿನ ಅರ್ಥಹೀನತೆ ಬಗ್ಗೆ ಅವನು ಬರೆದ ಪ್ರಬಂಧ 'ದಿ ಮಿಥ್ ಆಫ್ ಸಿಸಿಫಸ್' ಓದಿ, ಬೇಡ ಅನ್ನಲ್ಲ, ಅದೂ ಔಟ್‌ಸೈಡರ್ ಬಂದ 1942ರಲ್ಲೇ ಬಂದದ್ದು. ಆದ್ರೆ ಅದನ್ನ ಬೀಗದ ಕೈ ಥರ ಹಿಡ್ಕೊಂಡು ಕಾದಂಬರಿ ತೆಗೆಯೋಕೆ ಹೋದ್ರೆ ಕಾದಂಬರಿ ಸತ್ತೋಗುತ್ತೆ, ನಾನಂತೂ ಓದೋ ವಯಸ್ಸಲ್ಲಿ ಅದೇ ತಪ್ಪು ಮಾಡಿದ್ದೆ.

ನನ್ನ ಸಲಹೆ ಬೇರೆ. ಔಟ್‌ಸೈಡರ್‌ನ ಕೊನೇ ಭಾಗಕ್ಕೆ ವಾಪಸ್ ಹೋಗಿ, ಒಬ್ಬ ಅರಬ್‌ನ ಕೊಂದು ಮರಣದಂಡನೆ ಆಗಿ ಜೈಲಲ್ಲಿರೋ ಮೆರ್ಸೋಗೆ ಅಪ್ಪನ ನೆನಪಾಗೋ ಜಾಗ. ಅಪ್ಪನನ್ನ ಅವನು ನೋಡೇ ಇಲ್ಲ, ಅಮ್ಮ ಹೇಳಿದ ಒಂದೇ ಒಂದು ಕತೆ ಗೊತ್ತು: ಯಾರೋ ಕೊಲೆಗಾರನ ತಲೆ ಕಡಿಯೋದನ್ನ ನೋಡೋಕೆ ಹೋದ ಅಪ್ಪ ಮನೆಗೆ ಬಂದು ವಾಂತಿ ಮಾಡ್ಕೊಂಡ. ನಾಲ್ಕೈದು ಸಾಲು ಅಷ್ಟೆ, ಓದೋರು ಹಾರಿಸ್ಕೊಂಡು ಹೋಗ್ಬಿಡ್ತಾರೆ. ಆದ್ರೆ ಅದು ಕಮೂನ ಸ್ವಂತ ಅಪ್ಪನ ಕತೆ! 1957ರಲ್ಲಿ ಮರಣದಂಡನೆ ವಿರುದ್ಧ ಗಿಲಟಿನ್ (ತಲೆ ಕಡಿಯೋ ಯಂತ್ರ) ಬಗ್ಗೆ ಬರೆದ ಪ್ರಬಂಧ ಶುರುವಾಗೋದೇ ಈ ಘಟನೆಯಿಂದ, ಅವನ ಕೊನೇ ಕಾದಂಬರಿ 'ದಿ ಫಸ್ಟ್ ಮ್ಯಾನ್'ನಲ್ಲಿ ಮತ್ತೆ ಬರುತ್ತೆ, ಅಲ್ಲಿ ಹೇಳೋಳು ಅಜ್ಜಿ. 'ದಿ ಪ್ಲೇಗ್' ಕಾದಂಬರಿಲಿ (1947) ಅದೇ ತಿರುಗುಮುರುಗಾಗಿದೆ, ಅದರಲ್ಲಿ ಬರೋ ಟಾರೂ ಅನ್ನೋನ ಅಪ್ಪ ಕೋರ್ಟಲ್ಲಿ ನಿಂತು ಬೇರೆಯವರ ತಲೆ ಕೇಳೋ ಸರ್ಕಾರಿ ವಕೀಲ, ಅದನ್ನ ನೋಡಿದ ಮಗ ಮನೆ ಬಿಟ್ಟು ಹೋಗ್ತಾನೆ. ಈ ನಾಲ್ಕನ್ನೂ ಪಕ್ಕ ಪಕ್ಕ ಇಟ್ಟು ಎಲ್ಲಿ ಏನು ಬದಲಾಯ್ತು ನೋಡಿ, ನಿಮ್ಮ ಪ್ರಾಜೆಕ್ಟಿಗೆ ಇಷ್ಟೇ ಸಾಕು.

ಜೀವನಚರಿತ್ರೆ ಬೇಕಾಗೋದು ಇಲ್ಲೇ. ಕಮೂ ಹುಟ್ಟಿದ್ದು 1913ರಲ್ಲಿ, ಆಗ ಫ್ರಾನ್ಸ್ ಕೈಲಿದ್ದ ಅಲ್ಜೀರಿಯಾದಲ್ಲಿ. ಮಗೂಗೆ ಒಂದು ವರ್ಷ ತುಂಬೋ ಮೊದ್ಲೇ ಅಪ್ಪ ಮೊದಲ ಮಹಾಯುದ್ಧದಲ್ಲಿ ಗಾಯ ಆಗಿ ತೀರ್ಕೊಂಡ. ಅಮ್ಮಂಗೆ ಕಿವಿ ಸರಿಯಾಗಿ ಕೇಳ್ತಿರ್ಲಿಲ್ಲ, ಓದೋಕೆ ಬರ್ತಿರ್ಲಿಲ್ಲ, ಮಾತು ತೀರಾ ಕಡಿಮೆ, ಕಂಡೋರ ಮನೆ ಕ್ಲೀನ್ ಮಾಡಿ ಸಂಸಾರ ಸಾಗಿಸ್ತಿದ್ಲು. ಆ ಮನೇಲಿ ಪ್ರೀತಿ ಅಂದ್ರೆ ಮಾತಾಡ್ದೇ ಪಕ್ಕದಲ್ಲಿ ಕೂತಿರೋದು. ಈಗ ಮೆರ್ಸೋ ಅಳದೇ ಇದ್ದದ್ದನ್ನ ಇನ್ನೊಂದ್ಸಲ ಓದಿ. ಅವನೇ ಕಮೂ ಅಂತ ನಾನು ಹೇಳ್ತಿಲ್ಲ, ಅವನು ಕೊಂದ ಅರಬ್‌ಗೆ ಇಡೀ ಪುಸ್ತಕದಲ್ಲಿ ಹೆಸರೇ ಇಲ್ಲ ಅನ್ನೋದನ್ನೂ ಮರೀಬೇಡಿ (ಅಲ್ಜೀರಿಯಾದ ಕಾಮೆಲ್ ದಾವುದ್ ಆ ಸತ್ತವನಿಗೆ ಮೂಸಾ ಅಂತ ಹೆಸರಿಟ್ಟು, ಅವನ ತಮ್ಮನ ಬಾಯಲ್ಲಿ ಇನ್ನೊಂದು ಕಾದಂಬರಿನೇ ಬರೆದ್ರು, ಅದೂ ಓದಿ). ಆದ್ರೆ ಅಳು ಕಾಣ್ಲಿಲ್ಲ ಅಂದ ಮಾತ್ರಕ್ಕೆ ಕಲ್ಲು ಅಂದ್ಬಿಟ್ರೆ, ಅಮ್ಮನ ಸಾವಿಗೆ ಅಳದವನು ಅಂತ ಕೋರ್ಟಲ್ಲಿ ಅವನನ್ನ ರಾಕ್ಷಸ ಮಾಡಿದ ಪ್ರಾಸಿಕ್ಯೂಟರ್ ಥರಾನೇ ನೀವೂ ಮಾಡಿದ ಹಾಗಾಯ್ತು ಅಲ್ವಾ?

'ದಿ ಫಸ್ಟ್ ಮ್ಯಾನ್' ಮಾತ್ರ ಕೊನೆಗೆ ಇಟ್ಕೊಳ್ಳಿ. 1960ರ ಜನವರಿ 4ರಂದು ಕಾರ್ ಆಕ್ಸಿಡೆಂಟಲ್ಲಿ ಕಮೂ ಸತ್ತಾಗ ಜೊತೇಲಿದ್ದ ಬ್ಯಾಗಲ್ಲಿ ಸಿಕ್ಕ ಹಸ್ತಪ್ರತಿ ಅದು, ಮುಗಿದಿಲ್ಲ, ಮಗಳು ಅಚ್ಚು ಹಾಕಿಸಿದ್ದು 1994ರಲ್ಲಿ. ಅದರಲ್ಲಿ ನಲವತ್ತರ ಮಗ ಅಪ್ಪನ ಸಮಾಧಿ ಮುಂದೆ ನಿಂತು ಇಸವಿ ಲೆಕ್ಕ ಹಾಕ್ತಾನೆ, ಮಣ್ಣಲ್ಲಿ ಮಲಗಿರೋ ಅಪ್ಪನಿಗೆ ಬರೀ ಇಪ್ಪತ್ತೊಂಬತ್ತು. ಅರ್ಪಣೆ ಇರೋದು ಅಮ್ಮಂಗೆ, ಈ ಪುಸ್ತಕವನ್ನ ಎಂದಿಗೂ ಓದಲಾರದ ನಿನಗೆ ಅಂತ.